ಎಫ್ ಇನ್ವರ್ಸ್ ಕಂಡುಹಿಡಿಯುವುದು ಹೇಗೆ? ರಿಕ್ಷಾ ಬಾಡಿಗೆಯಿಂದ ಪಿಯುಸಿ ಲೆಕ್ಕದವರೆಗೆ

ಮಂಗಳೂರಿನ ಹಂಪನಕಟ್ಟೆಯಲ್ಲಿ ರಿಕ್ಷಾ ಹತ್ತುವವರಿಗೆ ಎರಡು ಬಗೆಯ ಪ್ರಶ್ನೆ ಇರುತ್ತದೆ. ಒಂದು, ‘ಅಲ್ಲಿಗೆ ಹೋಗಲು ಎಷ್ಟಾಗುತ್ತದೆ?’ ಇನ್ನೊಂದು, ‘ಕೈಯಲ್ಲಿ ಇಷ್ಟು ದುಡ್ಡು ಉಂಟು, ಎಲ್ಲಿಯವರೆಗೆ ಹೋಗಬಹುದು?’ ಮೊದಲನೆಯದರಲ್ಲಿ ದೂರ ಗೊತ್ತು, ಬಾಡಿಗೆ ಬೇಕು. ಎರಡನೆಯದರಲ್ಲಿ ಬಾಡಿಗೆ ಗೊತ್ತು, ದೂರ ಬೇಕು. ಮೊದಲನೆಯದಕ್ಕೆ ಉತ್ತರ ಕೊಡುವುದು ಫಂಕ್ಷನ್. ಎರಡನೆಯದಕ್ಕೆ ಉತ್ತರ ಕೊಡುವುದು ಅದರ ಇನ್ವರ್ಸ್.

ದ್ವಿತೀಯ ಪಿಯುಸಿ ಗಣಿತದ ಮೊದಲ ಅಧ್ಯಾಯದಲ್ಲೇ ಈ ವಿಷಯ ಬರುತ್ತದೆ. ಮಕ್ಕಳನ್ನು ಕೇಳಿ ನೋಡಿ, ‘ಎಕ್ಸ್ ಮತ್ತು ವೈ ಅದಲುಬದಲು ಮಾಡುವುದು, ಆಮೇಲೆ ವೈ ಕಂಡುಹಿಡಿಯುವುದು’ ಅಂತ ತಟ್ಟನೆ ಹೇಳುತ್ತಾರೆ. ಅದು ತಪ್ಪಲ್ಲ, ಉತ್ತರವೂ ಸರಿ ಬರುತ್ತದೆ. ಆದರೆ ಆ ಉತ್ತರ ಏನನ್ನು ಹೇಳುತ್ತಿದೆ ಅನ್ನುವುದು ಕೈಬಿಟ್ಟು ಹೋಗುತ್ತದೆ. ಹಾಗಾಗಿ ನಾನು ಅದಲುಬದಲನ್ನು ಕೊನೆಗೆ ಇಡುತ್ತೇನೆ. ಮೊದಲು ಪ್ರಶ್ನೆಯನ್ನು ತಿರುಗಿಸಿ ಕೇಳುವುದು, ಆಮೇಲೆ ಬಿಡಿಸುವುದು. ಅಕ್ಷರ ಬದಲಿಸುವ ಕೆಲಸ ಆಮೇಲಿನದು.

ಇಲ್ಲಿ ಅಕ್ಷರಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಎಕ್ಸ್, ವೈ, ಎಫ್ ಅಂತ ಬರೆದಿದ್ದೇನೆ. ನೋಟ್ಸ್‌ನಲ್ಲಿ ನೀವು ಎಂದಿನಂತೆ ಬರೆದುಕೊಳ್ಳಿ.

ರಿಕ್ಷಾ ಲೆಕ್ಕದಿಂದ ಶುರು ಮಾಡೋಣ

ರಿಕ್ಷಾ ದರ ನಿಗದಿ ಮಾಡುವುದು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ದರ ಆಗಾಗ ಬದಲಾಗುತ್ತದೆ. ಲೆಕ್ಕಕ್ಕೆ ಬೇಕಾಗಿ ಹೀಗೆ ಇಟ್ಟುಕೊಳ್ಳೋಣ: ಮೊದಲ 1.5 ಕಿ.ಮೀ.ವರೆಗೆ ಕನಿಷ್ಠ ಬಾಡಿಗೆ 35 ರೂಪಾಯಿ. ಅಲ್ಲಿಂದ ಮುಂದೆ ಕಿ.ಮೀ.ಗೆ 20 ರೂಪಾಯಿ.

ದೂರ ಎಕ್ಸ್ ಕಿ.ಮೀ., ಬಾಡಿಗೆ ವೈ ರೂಪಾಯಿ ಆಗಿರಲಿ. 1.5 ಕಿ.ಮೀ. ದಾಟಿದ ಮೇಲೆ,

ವೈ = 35 + 20(ಎಕ್ಸ್ − 1.5)

ಬ್ರಾಕೆಟ್ ಬಿಡಿಸಿದರೆ 35 + 20ಎಕ್ಸ್ − 30. ಅಂದರೆ,

ವೈ = 20ಎಕ್ಸ್ + 5

4 ಕಿ.ಮೀ. ಹೋದರೆ 80 + 5 = 85 ರೂಪಾಯಿ. ಇದು ನೇರ ಪ್ರಶ್ನೆ.

ಈಗ ತಿರುಗಿಸಿ ಕೇಳಿ. 125 ರೂಪಾಯಿಗೆ ಎಷ್ಟು ದೂರ? ಮೊದಲು 5 ಕಳೆಯಿರಿ, 120 ಉಳಿಯಿತು. ಅದನ್ನು 20ರಿಂದ ಭಾಗಿಸಿ, 6 ಬಂತು. ಆರು ಕಿ.ಮೀ. ಇದೇ ಕೆಲಸವನ್ನು 125ರ ಬದಲು ವೈ ಇಟ್ಟು ಮಾಡಿದರೆ,

ಎಕ್ಸ್ = (ವೈ − 5) ÷ 20

ಇನ್ವರ್ಸ್ ಅಂದರೆ ಇಷ್ಟೇ. ಬಾಡಿಗೆ ಕೊಟ್ಟರೆ ದೂರ ಹೇಳುವ ಲೆಕ್ಕ ಸಿಕ್ಕಿತು.

ಇನ್ನು, ಕನಿಷ್ಠ ಬಾಡಿಗೆಯ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಿ. ಅರ್ಧ ಕಿ.ಮೀ. ಹೋದರೂ 35, ಒಂದು ಕಿ.ಮೀ. ಹೋದರೂ 35, ಒಂದೂವರೆಗೂ 35. ಯಾರೋ ‘ನಾನು 35 ರೂಪಾಯಿ ಕೊಟ್ಟೆ’ ಅಂದರೆ ಅವರು ಎಷ್ಟು ದೂರ ಹೋದರು ಅಂತ ಹೇಳಲು ಆಗುತ್ತದಾ? ಆಗುವುದಿಲ್ಲ. ಅಲ್ಲಿ ಪ್ರಶ್ನೆಯನ್ನು ತಿರುಗಿಸಿದರೆ ಒಂದೇ ಉತ್ತರ ಸಿಗುವುದಿಲ್ಲ. ಪುಸ್ತಕದಲ್ಲಿ ‘ಫಂಕ್ಷನ್ ಒನ್-ಒನ್ ಆಗಿರಬೇಕು’ ಅಂತ ಬರೆದಿರುವುದು ಇದಕ್ಕೇ. ಬೇರೆ ಬೇರೆ ಎಕ್ಸ್‌ಗಳಿಗೆ ಒಂದೇ ವೈ ಬಂದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

ಲೀನಿಯರ್ ಫಂಕ್ಷನ್‌ನಲ್ಲಿ, ಅಂದರೆ ಗ್ರಾಫ್ ನೇರ ಗೆರೆಯಾಗಿ ಬರುವ ಫಂಕ್ಷನ್‌ನಲ್ಲಿ, ಈ ತೊಂದರೆ ಬರುವುದು ಒಂದೇ ಒಂದು ಸಂದರ್ಭದಲ್ಲಿ. ವೈ = ಎಮ್‌ಎಕ್ಸ್ + ಸಿ ಎಂಬಲ್ಲಿ ಎಮ್ ಸೊನ್ನೆ ಆದಾಗ. ಆಗ ಗೆರೆ ನೆಲಕ್ಕೆ ಸಮನಾಗಿ ಮಲಗಿಬಿಡುತ್ತದೆ. ಎಮ್ ಸೊನ್ನೆ ಅಲ್ಲದಿದ್ದರೆ, ಪಾಸಿಟಿವ್ ಇರಲಿ, ನೆಗೆಟಿವ್ ಇರಲಿ, ಭಿನ್ನರಾಶಿ ಇರಲಿ, ಇನ್ವರ್ಸ್ ಇದ್ದೇ ಇರುತ್ತದೆ.

ಕ್ರಮ

ಎಫ್(ಎಕ್ಸ್) = 2ಎಕ್ಸ್ + 6 ತೆಗೆದುಕೊಳ್ಳಿ.

ಮೊದಲು ಎಫ್(ಎಕ್ಸ್) ಇರುವಲ್ಲಿ ವೈ ಬರೆಯಿರಿ: ವೈ = 2ಎಕ್ಸ್ + 6. ಎಕ್ಸ್‌ನ ಜೊತೆಗಿರುವ ಸಂಖ್ಯೆ 2. ಸೊನ್ನೆ ಅಲ್ಲ, ಮುಂದೆ ಹೋಗಬಹುದು.

ಎರಡನೆಯದಾಗಿ, ಎಕ್ಸ್ ಒಂಟಿಯಾಗುವವರೆಗೆ ಬಿಡಿಸಿ. 6ನ್ನು ಪಕ್ಷಾಂತರಿಸಿದರೆ ವೈ − 6 = 2ಎಕ್ಸ್. ಎರಡೂ ಕಡೆ 2ರಿಂದ ಭಾಗಿಸಿದರೆ ಎಕ್ಸ್ = (ವೈ − 6)/2.

ಇಲ್ಲಿಗೆ ಗಣಿತದ ಕೆಲಸ ಮುಗಿಯಿತು. ಮೂರನೆಯದು ಹೆಸರು ಬದಲಿಸುವುದು ಮಾತ್ರ. ಫಂಕ್ಷನ್‌ಗೆ ಒಳಗೆ ಹೋಗುವುದನ್ನು ಎಕ್ಸ್ ಅಂತ ಕರೆಯುವುದು ರೂಢಿ. ಆದ್ದರಿಂದ ವೈ ಇದ್ದಲ್ಲಿ ಎಕ್ಸ್ ಬರೆದು,

ಎಫ್⁻¹(ಎಕ್ಸ್) = (ಎಕ್ಸ್ − 6)/2

ಅಂತ ಮುಗಿಸುತ್ತೇವೆ (ಎಫ್⁻¹ ಅಂದರೆ ಎಫ್ ಇನ್ವರ್ಸ್). ಇದನ್ನೇ ಎಕ್ಸ್/2 − 3 ಅಂತಲೂ ಬರೆಯಬಹುದು. ಎಕ್ಸ್/2 − 6 ಅಂತ ಬರೆದರೆ ತಪ್ಪು. ಭಾಗಿಸುವಾಗ 6ನ್ನೂ 2ರಿಂದ ಭಾಗಿಸಬೇಕು. ಉತ್ತರ ಪತ್ರಿಕೆಗಳಲ್ಲಿ ತುಂಬಾ ಕಾಣುವ ತಪ್ಪು ಇದು. ಅದಕ್ಕೇ ನಾನು ಬ್ರಾಕೆಟ್ ಉಳಿಸಿಕೊಂಡು ಬರೆಯಲು ಹೇಳುವುದು.

ನಾಲ್ಕನೆಯದು ತಾಳೆ ನೋಡುವುದು. ಇದನ್ನು ಬಿಡಲೇಬೇಡಿ. ಅರ್ಧ ನಿಮಿಷದ ಕೆಲಸ. ಯಾವುದಾದರೂ ಸಂಖ್ಯೆ ಹಾಕಿ: ಎಫ್(1) = 8. ಎಫ್⁻¹(8) = (8 − 6)/2 = 1. ಹೊರಟಲ್ಲಿಗೇ ಬಂದು ಮುಟ್ಟಿತು. ಪರೀಕ್ಷೆಯಲ್ಲಿ ‘ಸಾಧಿಸಿ’ ಅಂತ ಕೇಳಿದ್ದರೆ ಒಂದು ಸಂಖ್ಯೆ ಸಾಲದು. ಎಕ್ಸ್ ಇಟ್ಟೇ ತೋರಿಸಬೇಕು, ಎರಡೂ ಕಡೆಯಿಂದ:

ಎಫ್(ಎಫ್⁻¹(ಎಕ್ಸ್)) = 2 × (ಎಕ್ಸ್ − 6)/2 + 6 = ಎಕ್ಸ್

ಎಫ್⁻¹(ಎಫ್(ಎಕ್ಸ್)) = (2ಎಕ್ಸ್ + 6 − 6)/2 = ಎಕ್ಸ್

ಯಾವುದನ್ನು ಮೊದಲು ಬಿಡಿಸಬೇಕು?

2ಎಕ್ಸ್ + 6ರಲ್ಲಿ ಎಕ್ಸ್‌ಗೆ ಮೊದಲು ಆದದ್ದು ಗುಣಾಕಾರ, ಆಮೇಲೆ ಕೂಡಿಸುವುದು. ಹಿಂದೆ ಬರುವಾಗ ಮೊದಲು ಕಳೆಯಬೇಕು, ಆಮೇಲೆ ಭಾಗಿಸಬೇಕು. ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಈ ಸಾಲಿನಲ್ಲಿ ಸಿಗುತ್ತವೆ. ವಾಪಸ್ ಬರುವಾಗ ಮೊದಲು ಸಿಗುವುದು ಸುರತ್ಕಲ್ ಅಲ್ವಾ? ಕೊನೆಗೆ ಮಾಡಿದ್ದನ್ನು ಮೊದಲು ಬಿಡಿಸುವುದು ಅಂದರೆ ಹಾಗೆಯೇ.

ಎಫ್(ಎಕ್ಸ್) = (2ಎಕ್ಸ್ − 5)/3 ಆದರೆ? ಎಕ್ಸ್‌ಗೆ ಆದದ್ದು: 2ರಿಂದ ಗುಣಿಸಿದೆವು, 5 ಕಳೆದೆವು, 3ರಿಂದ ಭಾಗಿಸಿದೆವು. ಹಿಂದಕ್ಕೆ: 3ರಿಂದ ಗುಣಿಸಿ, 5 ಕೂಡಿಸಿ, 2ರಿಂದ ಭಾಗಿಸಿ. ಎಫ್⁻¹(ಎಕ್ಸ್) = (3ಎಕ್ಸ್ + 5)/2. ಕೆಲಸಗಳ ಸಾಲನ್ನು ಪುಟದ ಬದಿಯಲ್ಲಿ ಹೀಗೆ ಬರೆದುಕೊಂಡರೆ ಸಮೀಕರಣ ಬಿಡಿಸದೆಯೇ ಉತ್ತರ ಸಿಗುತ್ತದೆ. ಬಿಡಿಸಿ ಬಂದ ಉತ್ತರಕ್ಕೆ ತಾಳೆ ನೋಡಲೂ ಆಗುತ್ತದೆ.

ಎರಡು ಫಂಕ್ಷನ್‌ಗಳನ್ನು ಜೋಡಿಸಿದಾಗಲೂ ಇದೇ ನಿಯಮ. ಜಿ(ಎಕ್ಸ್) = 2ಎಕ್ಸ್ + 1 ಮೊದಲು, ಅದರ ಮೇಲೆ ಎಫ್(ಎಕ್ಸ್) = 3ಎಕ್ಸ್ − 4 ಮಾಡಿದರೆ ಒಟ್ಟು ಸಿಗುವುದು 3(2ಎಕ್ಸ್ + 1) − 4 = 6ಎಕ್ಸ್ − 1. ಇದರ ಇನ್ವರ್ಸ್ (ಎಕ್ಸ್ + 1)/6. ಈಗ ಬಿಡಿ ಬಿಡಿಯಾಗಿ ಮಾಡಿ. ಮೊದಲು ಎಫ್‌ನದ್ದು ಬಿಡಿಸಿದರೆ (ಎಕ್ಸ್ + 4)/3. ಅದರಿಂದ 1 ಕಳೆದು 2ರಿಂದ ಭಾಗಿಸಿದರೆ ಅದೇ (ಎಕ್ಸ್ + 1)/6 ಬರುತ್ತದೆ. ಸಾಲು ತಪ್ಪಿಸಿ ಜಿಯನ್ನು ಮೊದಲು ಬಿಡಿಸಿದಿರೋ, (ಎಕ್ಸ್ + 7)/6 ಬಂದು ಕೂರುತ್ತದೆ.

ಬೆಲೆ ಮಾತ್ರ ಕೇಳಿದ್ದರೆ

‘ಎಫ್(ಎಕ್ಸ್) = 2ಎಕ್ಸ್ + 6 ಆದರೆ ಎಫ್⁻¹(17) ಎಷ್ಟು?’ ಅಂತ ಕೇಳಿದ್ದರೆ ಇನ್ವರ್ಸ್‌ನ ಸೂತ್ರ ಕಂಡುಹಿಡಿಯುತ್ತಾ ಕೂರಬೇಕಾಗಿಲ್ಲ. ಪ್ರಶ್ನೆಯನ್ನು ತಿರುಗಿಸಿ ಓದಿ: ಯಾವ ಎಕ್ಸ್ ಹಾಕಿದರೆ 17 ಬರುತ್ತದೆ? 2ಎಕ್ಸ್ + 6 = 17, 2ಎಕ್ಸ್ = 11, ಎಕ್ಸ್ = 5.5. ಮುಗಿಯಿತು. ಸಿಇಟಿಯಂಥ ಪರೀಕ್ಷೆಯಲ್ಲಿ ಉಳಿಯುವ ಸಮಯ ದೊಡ್ಡದು.

ಇದೇ ಉಪಾಯ ಇನ್ನೊಂದು ಬಗೆಯ ಲೆಕ್ಕಕ್ಕೂ ಬರುತ್ತದೆ. ‘ಎಫ್(ಎಕ್ಸ್) = ಎ ಎಕ್ಸ್ + ಬಿ. ಎಫ್⁻¹(5) = 2, ಎಫ್⁻¹(11) = 4. ಎ ಮತ್ತು ಬಿ ಎಷ್ಟು?’ ಇನ್ವರ್ಸ್ ಅಂತ ನೋಡಿ ಗಾಬರಿಯಾಗಬೇಡಿ. ತಿರುಗಿಸಿ ಬರೆಯಿರಿ: ಎಫ್(2) = 5, ಎಫ್(4) = 11. ಎಕ್ಸ್ 2 ಹೆಚ್ಚಿದಾಗ ಬೆಲೆ 6 ಹೆಚ್ಚಿತು. ಹಾಗಾದರೆ ಎ = 3. 3 × 2 + ಬಿ = 5 ಆದ್ದರಿಂದ ಬಿ = −1.

ಮೈನಸ್ ಒಂದನ್ನು ಘಾತ ಅಂದುಕೊಳ್ಳಬೇಡಿ

ಎಫ್⁻¹ ಅಂದರೆ 1/ಎಫ್ ಅಲ್ಲ. ಸಂಖ್ಯೆಗಳಲ್ಲಿ 5⁻¹ ಅಂದರೆ 1/5 ಅಂತ ಕಲಿತಿರುತ್ತೇವೆ, ಗೊಂದಲ ಅಲ್ಲಿಂದಲೇ ಬರುತ್ತದೆ. ಮೇಲಿನ ಫಂಕ್ಷನ್‌ನಲ್ಲೇ ನೋಡಿ. ಎಫ್⁻¹(4) = (4 − 6)/2 = −1. 1/ಎಫ್(4) ಅಂದರೆ 1/14. ಒಂದಕ್ಕೊಂದು ಸಂಬಂಧವೇ ಇಲ್ಲ.

ಜ್ವರ ನೋಡುವ ಥರ್ಮಾಮೀಟರ್

ಮನೆಯಲ್ಲಿ ಜ್ವರ ನೋಡುವುದು ಫ್ಯಾರನ್‌ಹೀಟ್‌ನಲ್ಲಿ. ಮಳೆ, ಸೆಕೆಯ ಸುದ್ದಿ ಬರುವುದು ಸೆಲ್ಸಿಯಸ್‌ನಲ್ಲಿ. ಇವೆರಡರ ನಡುವೆ ಇರುವುದು ಲೀನಿಯರ್ ಫಂಕ್ಷನ್:

ಫಾ = (9/5) × ಸೆ + 32

ತಿರುಗಿಸಿದರೆ,

ಸೆ = (5/9) × (ಫಾ − 32)

ಇಲ್ಲಿ ಅಕ್ಷರ ಅದಲುಬದಲು ಮಾಡಬೇಡಿ. ಫಾ ಅಂದರೆ ಫ್ಯಾರನ್‌ಹೀಟ್, ಸೆ ಅಂದರೆ ಸೆಲ್ಸಿಯಸ್. ಅವುಗಳ ಹೆಸರು ಅವಕ್ಕೇ ಇರಲಿ. ಬಾಡಿಗೆ, ದೂರ, ತೂಕ, ತಾಪಮಾನ ಹೀಗೆ ಅಕ್ಷರಕ್ಕೆ ಒಂದು ಅರ್ಥ ಇರುವ ಕಡೆಯೆಲ್ಲ ಬಿಡಿಸುವುದು ಮಾತ್ರ, ಹೆಸರು ಬದಲಿಸುವುದಿಲ್ಲ.

98.6 ಫ್ಯಾರನ್‌ಹೀಟ್ ಅಂದರೆ 66.6 × 5/9 = 37 ಸೆಲ್ಸಿಯಸ್. 100.4 ಅಂದರೆ 38. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಮಾಡುವಾಗ ಬ್ರಾಕೆಟ್ ಹಾಕಿ: (98.6 − 32) × 5 ÷ 9. ಬ್ರಾಕೆಟ್ ಇಲ್ಲದೆ ಸುಮ್ನೆ ಒತ್ತುತ್ತಾ ಹೋದರೆ ಅದು ಮೊದಲು 32 × 5 ÷ 9 ಮಾಡಿ, ಅದನ್ನು 98.6ರಿಂದ ಕಳೆದು, 80.8 ಅಂತ ತೋರಿಸುತ್ತದೆ. ಅಂಗಡಿಗಳಲ್ಲಿ ಇಟ್ಟಿರುವ ಸಾದಾ ಕ್ಯಾಲ್ಕುಲೇಟರ್ ಒತ್ತಿದ ಸಾಲಿನಲ್ಲೇ ಲೆಕ್ಕ ಮಾಡುವುದರಿಂದ ಅಲ್ಲಿ 37 ಬರಬಹುದು. ಎರಡರಲ್ಲೂ ಸರಿ ಬರಬೇಕಾದರೆ ಮೊದಲು 32 ಕಳೆದು ‘=’ ಒತ್ತಿ, ಆಮೇಲೆ ಮುಂದಿನದು.

ಎರಡು ಮಾಪಕಗಳೂ ಒಂದೇ ಸಂಖ್ಯೆ ತೋರಿಸುವ ಜಾಗ ಒಂದಿದೆ: −40. ಸೆ = (9/5)ಸೆ + 32 ಅಂತ ಇಟ್ಟು ಬಿಡಿಸಿದರೆ ಸಿಗುತ್ತದೆ. ಎಮ್ ಸೊನ್ನೆಯೂ ಒಂದೂ ಅಲ್ಲದ ಯಾವುದೇ ಲೀನಿಯರ್ ಫಂಕ್ಷನ್‌ಗೆ ಇಂಥ ಒಂದು ಬಿಂದು ಇದೆ, ಸಿ/(1 − ಎಮ್). ಆ ಬಿಂದುವಿನಲ್ಲಿ ಫಂಕ್ಷನ್ ಮತ್ತು ಅದರ ಇನ್ವರ್ಸ್ ಎರಡೂ ಒಂದೇ ಬೆಲೆ ಕೊಡುತ್ತವೆ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತಮ್ಮ ಮಾಪಕ ಮುಂದಿಟ್ಟಾಗ ಅದರಲ್ಲಿ ನೀರು ಕುದಿಯುವುದು 0ಯಲ್ಲಿ, ಮಂಜುಗಡ್ಡೆ ಆಗುವುದು 100ರಲ್ಲಿ. ಇವತ್ತಿನದಕ್ಕೆ ಪೂರ್ತಿ ತಲೆಕೆಳಗು. ಅವರು 1744ರಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಈಗಿನ ಕ್ರಮ ರೂಢಿಗೆ ಬಂತು. ಹಳೆಯದರಿಂದ ಹೊಸದಕ್ಕೆ ಹೋಗುವ ಸೂತ್ರ 100 − ಎಕ್ಸ್. ಹೊಸದರಿಂದ ಹಳೆಯದಕ್ಕೆ? ಅದೂ 100 − ಎಕ್ಸ್. ವೈ = 100 − ಎಕ್ಸ್ ಬಿಡಿಸಿದರೆ ಎಕ್ಸ್ = 100 − ವೈ. ತನಗೆ ತಾನೇ ಇನ್ವರ್ಸ್ ಆಗಿರುವ ಫಂಕ್ಷನ್ ಇದು.

ಇಳಿಯುತ್ತಾ ಹೋಗುವ ಲೆಕ್ಕ

ಏಪ್ರಿಲ್, ಮೇ ತಿಂಗಳಲ್ಲಿ ತುಂಬೆ ಡ್ಯಾಮಿನಲ್ಲಿ ನೀರು ಇಳಿದರೆ ಮಂಗಳೂರಿಗೆ ಚಿಂತೆ, ಬಜೆಯಲ್ಲಿ ಇಳಿದರೆ ಉಡುಪಿಗೆ. ಟ್ಯಾಂಕಿಯ ನೀರನ್ನು ಲೆಕ್ಕ ಹಾಕಿ ಬಳಸುವ ದಿನಗಳವು. 500 ಲೀಟರಿನ ಟ್ಯಾಂಕಿ ತುಂಬಿದೆ, ನಲ್ಲಿಯಲ್ಲಿ ನಿಮಿಷಕ್ಕೆ 10 ಲೀಟರ್ ಹೋಗುತ್ತದೆ ಅಂದುಕೊಳ್ಳಿ. ಎಕ್ಸ್ ನಿಮಿಷದ ನಂತರ ಉಳಿಯುವುದು

ವೈ = 500 − 10ಎಕ್ಸ್

120 ಲೀಟರ್ ಉಳಿಯುವಾಗ ನಲ್ಲಿ ನಿಲ್ಲಿಸಬೇಕು. ಎಷ್ಟು ನಿಮಿಷ? ಎಕ್ಸ್‌ನ ಮುಂದೆ ಮೈನಸ್ ಇರುವಲ್ಲಿ ಚಿಹ್ನೆ ತಪ್ಪುವುದು ಜಾಸ್ತಿ. ಸುಲಭ ದಾರಿ ಏನೆಂದರೆ 10ಎಕ್ಸ್‌ನ್ನು ಆಚೆ, ವೈಯನ್ನು ಈಚೆ ತನ್ನಿ: 10ಎಕ್ಸ್ = 500 − ವೈ. ಈಗ ಎಕ್ಸ್ = (500 − ವೈ)/10. ವೈ 120 ಆದಾಗ ಎಕ್ಸ್ = 38 ನಿಮಿಷ. ತಾಳೆ: 500 − 380 = 120.

ಈ ಸೂತ್ರಕ್ಕೆ 600 ಹಾಕಿದರೆ −10 ನಿಮಿಷ ಅಂತ ಬರುತ್ತದೆ. 500 ಲೀಟರಿನ ಟ್ಯಾಂಕಿಯಲ್ಲಿ 600 ಲೀಟರ್ ಇರಲು ಸಾಧ್ಯವೇ ಇಲ್ಲ. ಸೂತ್ರಕ್ಕೆ ಅದು ಗೊತ್ತಿಲ್ಲ, ನಮಗೆ ಗೊತ್ತಿರಬೇಕು. ಇಲ್ಲಿ ಎಕ್ಸ್ 0ಯಿಂದ 50ರವರೆಗೆ, ವೈ 0ಯಿಂದ 500ರವರೆಗೆ. ಇನ್ವರ್ಸ್ ತೆಗೆದಾಗ ಈ ಎರಡು ವ್ಯಾಪ್ತಿಗಳೂ ಜಾಗ ಬದಲಿಸುತ್ತವೆ. ಮೊದಲಿನ ರೇಂಜ್ (ಹೊರಗೆ ಬರುವ ಬೆಲೆಗಳು) ಈಗ ಡೊಮೇನ್ (ಒಳಗೆ ಹಾಕಬಹುದಾದ ಬೆಲೆಗಳು) ಆಗುತ್ತದೆ.

ಪೂರ್ಣಸಂಖ್ಯೆ ಮಾತ್ರ ನಡೆಯುವ ಕಡೆ

ಮದುವೆಯ ಮುಂಚಿನ ಮೆಹಂದಿಗೆ ಊಟ ಹೇಳುತ್ತೀರಿ. ಒಂದು ಊಟಕ್ಕೆ 180 ರೂಪಾಯಿ, ಸಾಗಾಟ ಮತ್ತು ಬಡಿಸುವವರದ್ದು ಸೇರಿ 4,000 ಅನ್ನೋಣ. ವೈ = 180ಎಕ್ಸ್ + 4,000. ಬಜೆಟ್ 40,000 ಇದ್ದರೆ ಎಕ್ಸ್ = 36,000/180 = 200 ಜನ. ಬಜೆಟ್ 45,000 ಮಾಡಿದರೆ 41,000/180, ಅಂದರೆ 227.77. ಮುಕ್ಕಾಲು ಜನ ಬರುವುದಿಲ್ಲವಲ್ಲ. 227 ಜನರಿಗೆ ಹೇಳಬಹುದು, 140 ರೂಪಾಯಿ ಉಳಿಯುತ್ತದೆ. 228 ಅಂತ ಮೇಲಕ್ಕೆ ತೆಗೆದುಕೊಂಡರೆ ದುಡ್ಡು ಸಾಲದು. ಬಜೆಟ್ ಲೆಕ್ಕದಲ್ಲಿ ಯಾವಾಗಲೂ ಕೆಳಗಿನ ಪೂರ್ಣಸಂಖ್ಯೆಗೇ ಬರಬೇಕು.

ಪಿಯುಸಿಯಲ್ಲಿ ‘ಆನ್‌ಟು’ ಅನ್ನುವ ಷರತ್ತು ಕೇಳುವುದೂ ಈ ಕಾರಣಕ್ಕೇ. ಅಂದರೆ ಕೋಡೊಮೇನ್, ಉತ್ತರಗಳು ಇದರೊಳಗೆ ಬರಬೇಕು ಅಂತ ಕೊಟ್ಟ ಗುಂಪು, ಅದರ ಪ್ರತಿಯೊಂದು ಸಂಖ್ಯೆಯನ್ನೂ ಫಂಕ್ಷನ್ ಮುಟ್ಟಬೇಕು. ಎಫ್(ಎಕ್ಸ್) = 4ಎಕ್ಸ್ + 3 ಇದನ್ನು ಸ್ವಾಭಾವಿಕ ಸಂಖ್ಯೆಗಳಿಂದ ಸ್ವಾಭಾವಿಕ ಸಂಖ್ಯೆಗಳಿಗೆ ಅಂತ ಕೊಟ್ಟರೆ ಇನ್ವರ್ಸ್ ಇಲ್ಲ. 6ಕ್ಕೆ ಹಿಂದಕ್ಕೆ ಹೋದರೆ 3/4 ಬರುತ್ತದೆ, ಅದು ಸ್ವಾಭಾವಿಕ ಸಂಖ್ಯೆ ಅಲ್ಲ. ಕೋಡೊಮೇನ್ ಅನ್ನು 7, 11, 15, 19 ಹೀಗೆ ಫಂಕ್ಷನ್ ನಿಜವಾಗಿ ಮುಟ್ಟುವ ಸಂಖ್ಯೆಗಳಿಗೆ ಮಾತ್ರ ಇಳಿಸಿದರೆ ಇನ್ವರ್ಸ್ ಇದೆ: (ಎಕ್ಸ್ − 3)/4. ಸೂತ್ರ ಒಂದೇ ಆದರೂ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ನೋಡಿಯೇ ಇನ್ವರ್ಸ್ ಇದೆಯೋ ಇಲ್ಲವೋ ಹೇಳಬೇಕು. ಪ್ರಶ್ನೆಯ ಮೊದಲ ಸಾಲಿನಲ್ಲೇ ಅದು ಬರೆದಿರುತ್ತದೆ, ಓದದೆ ಮುಂದೆ ಹೋಗಬೇಡಿ.

ಗ್ರಾಫ್ ಶೀಟಿನಲ್ಲಿ

ವೈ = 2ಎಕ್ಸ್ + 6 ಎಳೆಯಲು (0, 6) ಮತ್ತು (−3, 0) ಸಾಕು. ಇನ್ವರ್ಸ್ ಎಳೆಯಲು ಹೊಸದಾಗಿ ಲೆಕ್ಕ ಬೇಡ. ಜೋಡಿಗಳನ್ನು ತಿರುಗಿಸಿ (6, 0) ಮತ್ತು (0, −3) ಗುರುತಿಸಿ ಗೆರೆ ಎಳೆಯಿರಿ. ವೈ = ಎಕ್ಸ್ ಗೆರೆಯ ಮೇಲೆ ಹಾಳೆ ಮಡಚಿದರೆ ಒಂದು ಗೆರೆ ಇನ್ನೊಂದರ ಮೇಲೆ ಸರಿಯಾಗಿ ಕೂರುತ್ತದೆ. ಎರಡೂ ಸೇರುವುದು (−6, −6)ರಲ್ಲಿ. ಮೊದಲನೆಯದರ ಸ್ಲೋಪ್ (ಎಕ್ಸ್ ಜೊತೆಗಿರುವ ಸಂಖ್ಯೆ) 2, ಇನ್ವರ್ಸ್‌ನದು 1/2. ಎರಡೂ ಅಕ್ಷಗಳಿಗೆ ಒಂದೇ ಅಳತೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಮಡಚಿದಾಗ ಗೆರೆಗಳು ಕೂಡುವುದಿಲ್ಲ.

ಮಾಡಿ ನೋಡಿ

1. ಎಫ್(ಎಕ್ಸ್) = 5ಎಕ್ಸ್ − 8. ಇನ್ವರ್ಸ್ ಬರೆದು ಎಫ್⁻¹(12) ಕಂಡುಹಿಡಿಯಿರಿ.
2. ಎಫ್(ಎಕ್ಸ್) = 9 − ಎಕ್ಸ್/2. ಇನ್ವರ್ಸ್ ಏನು?
3. ಎಫ್(ಎಕ್ಸ್) = (4ಎಕ್ಸ್ + 1)/7. ಎಫ್⁻¹(3) ಎಷ್ಟು?
4. ಎಫ್(ಎಕ್ಸ್) = ಎಮ್‌ಎಕ್ಸ್ + ಸಿ ತನಗೆ ತಾನೇ ಇನ್ವರ್ಸ್ ಆಗಬೇಕಾದರೆ ಎಮ್ ಮತ್ತು ಸಿ ಹೇಗಿರಬೇಕು?

ಮೊದಲನೆಯದಕ್ಕೆ (ಎಕ್ಸ್ + 8)/5, ಬೆಲೆ 4. ಎರಡನೆಯದಕ್ಕೆ 18 − 2ಎಕ್ಸ್. ಮೂರನೆಯದಕ್ಕೆ 5.

ನಾಲ್ಕನೆಯದನ್ನು ಬಿಡಿಸಿಯೇ ತೋರಿಸುತ್ತೇನೆ. ಇನ್ವರ್ಸ್ (ಎಕ್ಸ್ − ಸಿ)/ಎಮ್. ಇದು ಎಮ್‌ಎಕ್ಸ್ + ಸಿಗೆ ಸಮ ಆಗಬೇಕು. ಎಕ್ಸ್‌ನ ಜೊತೆಗಿರುವುದನ್ನು ಹೋಲಿಸಿದರೆ 1/ಎಮ್ = ಎಮ್, ಅಂದರೆ ಎಮ್ = 1 ಅಥವಾ −1. ಉಳಿದದ್ದನ್ನು ಹೋಲಿಸಿದರೆ −ಸಿ/ಎಮ್ = ಸಿ. ಎಮ್ 1 ಆದರೆ ಸಿ ಸೊನ್ನೆಯೇ ಆಗಬೇಕು, ಆಗ ಎಫ್(ಎಕ್ಸ್) = ಎಕ್ಸ್. ಎಮ್ −1 ಆದರೆ ಸಿ ಯಾವ ಸಂಖ್ಯೆ ಆದರೂ ನಡೆಯುತ್ತದೆ: 100 − ಎಕ್ಸ್ ಹೇಗೋ 7 − ಎಕ್ಸ್ ಕೂಡ ಹಾಗೆ.